ಗೇಟಿಗೆ ಬಣ್ಣ ಬಳಿಯುವ ಮುನ್ನ ಒಮ್ಮೆ ತಟ್ಟಿ ನೋಡಿ



ಮೇ ತಿಂಗಳಲ್ಲಿ ಊರಿಗೆ ಹೋದಾಗ ನಾವು ಮುಂಬಯಿಯವರು ತಪ್ಪದೆ ಮಾಡುವ ಕೆಲವು ಕೆಲಸಗಳಿವೆ. ಬಾವಿಯ ಹೂಳು ತೆಗೆಸುವುದು, ಒಡೆದ ಹಂಚು ಬದಲಿಸುವುದು, ವರ್ಷಕ್ಕಾಗುವಷ್ಟು ಹಪ್ಪಳ, ಉಪ್ಪಿನಕಾಯಿ ಕಟ್ಟಿಸಿಕೊಳ್ಳುವುದು. ಬಸ್ಸು ಹತ್ತುವ ಹಿಂದಿನ ದಿನ ಗೇಟಿಗೆ ಒಂದು ಕೋಟ್ ಕಪ್ಪು ಎನಾಮಲ್ ಹೊಡೆಯುವುದು. ನಮ್ಮ ಮನೆ ಉಡುಪಿ ಜಿಲ್ಲೆಯ ಕರಾವಳಿಯಲ್ಲಿ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರ. ಹತ್ತು ಹನ್ನೆರಡು ವರ್ಷ ಈ ಕ್ರಮವನ್ನು ನಾನೂ ನಿಷ್ಠೆಯಿಂದ ಪಾಲಿಸಿದೆ. ಗೇಟು ಪ್ರತಿ ಜೂನ್‌ನಲ್ಲಿ ಮದುವಣಗಿತ್ತಿಯಂತೆ ಮಿನುಗುತ್ತಿತ್ತು!

ಹಾಗೆ ಮಿನುಗುತ್ತಿದ್ದ ಗೇಟು ಒಂದು ಆಷಾಢದ ಬೆಳಿಗ್ಗೆ ಕಳಚಿ ಬಿತ್ತು. ಅಮ್ಮ ಹಾಲು ತರಲೆಂದು ಹೊರಟು ಗೇಟನ್ನು ತಳ್ಳಿದ್ದರು, ಅಷ್ಟೇ. ಮೇಲಿನ ಬಿಜಾಗರಿ ಕಿತ್ತು ಬಂದು, ಇಡೀ ಬಾಗಿಲು ಅವರ ಪಾದದಿಂದ ಒಂದು ಗೇಣು ಆಚೆಗೆ ಮಗುಚಿತು. ಮನೆಯಲ್ಲಿ ಅವರೊಬ್ಬರೇ. ಏನೂ ಆಗಲಿಲ್ಲ, ದೇವರು ದೊಡ್ಡವನು. ನಾನು ರಾತ್ರಿ ಬಸ್ಸು ಹಿಡಿದು ಊರಿಗೆ ಹೋದಾಗ ವೆಲ್ಡಿಂಗಿನವರು ಗೇಟನ್ನು ಅಂಗಳದಲ್ಲಿ ಮಲಗಿಸಿ ಕೆಳಗಿನ ಪೈಪನ್ನು ಕತ್ತರಿಸುತ್ತಿದ್ದರು. ಒಳಗಿನಿಂದ ಕಾಫಿ ಪುಡಿಯಂಥ ತುಕ್ಕು ಸುರಿಯಿತು, ಒಂದು ಸೇರಿನಷ್ಟು. ಅವರು ನನ್ನ ಮುಖ ನೋಡಿ, "ಇದು ಇಷ್ಟು ದಿನ ನಿಂತದ್ದು ಪೈಂಟಿನ ಬಲದಲ್ಲಿ ಮಾರಾಯ್ರೆ, ಕಬ್ಬಿಣ ಎಲ್ಲಿ ಉಂಟು ಇದರಲ್ಲಿ?" ಎಂದರು.

ಅಂದಿನಿಂದ ಕೇಳಿ, ಓದಿ, ಕೈ ಕಪ್ಪು ಮಾಡಿಕೊಂಡು ಕಲಿತದ್ದನ್ನು ಈ ಬಾರಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ. ಪುಣೆ, ಹೈದರಾಬಾದ್, ದೆಹಲಿಯ ಕೇಳುಗರು "ನಮಗೆಲ್ಲಿಯ ಸಮುದ್ರ?" ಎನ್ನಬಹುದು. ನಿಮ್ಮಲ್ಲಿ ಅನೇಕರಿಗೆ ಮಂಗಳೂರು, ಕುಂದಾಪುರ, ಕಾರವಾರದ ಕಡೆ ಮನೆಯಿದೆ, ಮನೆಯಲ್ಲಿ ವಯಸ್ಸಾದವರಿದ್ದಾರೆ. ಇನ್ನು ವರ್ಸೋವಾ, ವರ್ಲಿ, ವಸಯಿ ಅಥವಾ ಚೆನ್ನೈನ ಬೆಸೆಂಟ್ ನಗರ, ತಿರುವಾನ್ಮಿಯೂರಿನವರಿಗಂತೂ ಇದು ದಿನನಿತ್ಯದ ಮಾತು.

ಉಪ್ಪುಗಾಳಿ ಮಾಡುವ ಕೆಲಸ

ಕಬ್ಬಿಣ ತುಕ್ಕು ಹಿಡಿಯಲು ಗಾಳಿಯ ಆಮ್ಲಜನಕ ಬೇಕು, ನೀರು ಬೇಕು. ಇವೆರಡೂ ಬೆಂಗಳೂರಿನಲ್ಲೂ ಇವೆ. ಕರಾವಳಿಯಲ್ಲಿ ಹೆಚ್ಚಿಗೆ ಇರುವುದು ಉಪ್ಪು. ತೆರೆ ಒಡೆದಾಗ ಹಾರುವ ಸಣ್ಣ ಹನಿಗಳು ಗಾಳಿಯಲ್ಲಿ ತೇಲಿ ಬಂದು ಗೇಟಿನ ಮೇಲೆ ಕೂರುತ್ತವೆ. ದಡದಿಂದ ದೂರ ಹೋದಂತೆ ಇದರ ಪ್ರಮಾಣ ಬೇಗ ಕಡಿಮೆಯಾಗುತ್ತದೆ. ಹಾಗಾಗಿಯೇ ಒಂದೇ ಊರಿನಲ್ಲಿ ಸಮುದ್ರಕ್ಕೆ ಮುಖ ಮಾಡಿದ ಮನೆಯ ಗೇಟು ಮೂರೇ ವರ್ಷಕ್ಕೆ ಹಾಳಾದರೆ, ನಾಲ್ಕು ಬೀದಿ ಒಳಗಿನ ಮನೆಯದು ಹತ್ತು ವರ್ಷ ಬಂದೀತು.

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ನೀವೆಲ್ಲ ನೋಡಿದ್ದೀರಿ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳೂ ಇರುವುದರಿಂದ ಅದು ಇನ್ನೂ ಕಡಿಮೆ ತೇವಾಂಶದಲ್ಲೇ ಒದ್ದೆಯಾಗುತ್ತದೆ. ಎಂದರೆ, ಒಂದು ಹನಿ ಮಳೆ ಬೀಳದಿದ್ದರೂ ಉಪ್ಪು ಕೂತ ಗೇಟು ರಾತ್ರಿಯಿಡೀ ಒದ್ದೆಯಾಗಿಯೇ ಇರುತ್ತದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ತುಕ್ಕು ಹಿಡಿಯುವುದೂ ಒಂದು ಬಗೆಯ ವಿದ್ಯುತ್ ಕ್ರಿಯೆಯೇ ಆದ್ದರಿಂದ ಅದಕ್ಕೆ ದಾರಿ ಸಲೀಸಾಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಲೋಹದ ಸಣ್ಣ ಸಣ್ಣ ಗುಳಿಗಳಿಗೆ ಇಳಿದು ಅಲ್ಲಿಯೇ ಕೂತುಬಿಡುತ್ತದೆ.

ಇನ್ನೊಂದು ವಿಷಯ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಅದಕ್ಕೇ ಬಣ್ಣ ಹಪ್ಪಳದಂತೆ ಉಬ್ಬಿ ಏಳುತ್ತದೆ. ಕಂಬದೊಳಗೆ ಹುಗಿದ ಕಬ್ಬಿಣದ ಪಟ್ಟಿ ಉಬ್ಬಿದರೆ ಮುರಕಲ್ಲಿನ ಕಂಬವೇ ಸೀಳುತ್ತದೆ.

ಮಳೆಯೇ ಗೇಟಿನ ಶತ್ರು ಎಂದು ನಾವು ತಿಳಿದಿದ್ದೇವೆ. ಅದು ಅರ್ಧ ಸತ್ಯ ಮಾತ್ರ. ಮಳೆ ಬಿದ್ದ ಜಾಗದ ಉಪ್ಪು ತೊಳೆದುಹೋಗುತ್ತದೆ. ಮಳೆ ತಾಗದ ಜಾಗ, ಅಂದರೆ ಅಡ್ಡಪಟ್ಟಿಯ ಅಡಿ, ಷೀಟಿನ ಹಿಂಬದಿ, ಸೂರಿನ ಕೆಳಗಿನ ಮೂಲೆ, ಇಲ್ಲೆಲ್ಲ ಉಪ್ಪು ವರ್ಷಗಟ್ಟಲೆ ಕೂತಿರುತ್ತದೆ. ತುಕ್ಕನ್ನು ಮೊದಲು ಹುಡುಕಬೇಕಾದದ್ದು ಅಲ್ಲಿ.

ಅಜ್ಜನ ಕಾಲದ ಕಬ್ಬಿಣ

"ಅಜ್ಜ ಹಾಕಿಸಿದ ಗೇಟು ಐವತ್ತು ವರ್ಷ ಬಂತು, ನಾನು ಹಾಕಿಸಿದ್ದು ಎಂಟೇ ವರ್ಷ" ಎಂಬ ದೂರು ಸಾಮಾನ್ಯ. ಇದರಲ್ಲಿ ಹುರುಳಿದೆ. ಹಳೆಯ ಗೇಟುಗಳ ಸರಳು ಗಟ್ಟಿಯಾದದ್ದು, ಹೆಬ್ಬೆರಳು ದಪ್ಪದ್ದು. ಒಂದು ಮಿಲಿಮೀಟರ್ ತುಕ್ಕು ತಿಂದರೂ ಅದಕ್ಕೆ ಲೆಕ್ಕವಿಲ್ಲ. ಈಗಿನವು ಟೊಳ್ಳು ಪೈಪುಗಳು. 16 ಗೇಜ್ ಎಂದರೆ ಪೈಪಿನ ಗೋಡೆ ಸುಮಾರು 1.6 ಮಿ.ಮೀ., 14 ಗೇಜ್ ಎಂದರೆ ಸುಮಾರು 2 ಮಿ.ಮೀ. ಅಲ್ಲಿ ಒಂದು ಮಿಲಿಮೀಟರ್ ಹೋದರೆ ಉಳಿಯುವುದು ಏನು?

ಹಳೆಯ ಕಬ್ಬಿಣದ ಗುಣವೂ ಬೇರೆ. ದೆಹಲಿಯ ಕುತುಬ್ ಆವರಣದ ಕಬ್ಬಿಣದ ಕಂಬವನ್ನು ಅಲ್ಲಿನ ಕೇಳುಗರು ನೋಡಿಯೇ ಇರುತ್ತೀರಿ. ಗುಪ್ತರ ಕಾಲದ, ಸುಮಾರು 1600 ವರ್ಷ ಹಳೆಯ, 7 ಮೀಟರ್ ಎತ್ತರದ, 6 ಟನ್‌ಗೂ ಹೆಚ್ಚು ತೂಕದ ಕಂಬ. ಕಾನ್ಪುರದ ಐಐಟಿಯ ಪ್ರೊಫೆಸರ್ ಆರ್. ಬಾಲಸುಬ್ರಹ್ಮಣ್ಯಂ ಅವರು ಅದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಆ ಕಬ್ಬಿಣದಲ್ಲಿ ರಂಜಕ ಹೆಚ್ಚಾಗಿದೆ, ಅದರಿಂದ ಮೇಲ್ಮೈಯಲ್ಲಿ ಫಾಸ್ಫೇಟಿನ ತೆಳುವಾದ ರಕ್ಷಾಕವಚ ಕಟ್ಟಿಕೊಂಡಿದೆ ಎಂದು ವಿವರಿಸಿದರು. ದೆಹಲಿಯ ಒಣಹವೆಯ ನೆರವೂ ಅದಕ್ಕಿದೆ. ಕೊಲ್ಲೂರಿಗೆ ಹೋದವರು ಕೊಡಚಾದ್ರಿ ಹತ್ತಿದ್ದರೆ, ಅಲ್ಲಿಯ ಮೂಕಾಂಬಿಕೆಯ ಗುಡಿಯ ಮುಂದೆಯೂ ಒಂದು ಹಳೆಯ ಕಬ್ಬಿಣದ ಕಂಬ ನೋಡಿರುತ್ತೀರಿ. ಅದು ಅಷ್ಟು ಮಳೆಯಲ್ಲೂ ನಿಂತಿದೆ.

ಇಂದು ಅಂಗಡಿಯಲ್ಲಿ ಸಿಗುವ ಮೈಲ್ಡ್ ಸ್ಟೀಲ್‌ನಲ್ಲಿ ರಂಜಕ ಬಹಳ ಕಡಿಮೆ. ವೆಲ್ಡಿಂಗಿಗೆ, ಬಾಗಿಸಲು ಅದು ಒಳ್ಳೆಯದು. ತುಕ್ಕಿನ ವಿಷಯದಲ್ಲಿ ಮಾತ್ರ ಅದಕ್ಕೆ ನಾವು ಹೊದಿಸುವ ಬಣ್ಣವಲ್ಲದೆ ಬೇರೆ ರಕ್ಷಣೆಯಿಲ್ಲ.

ಹಾಗಾಗಿ ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಗೇಟು ಇನ್ನೂ ಇದ್ದರೆ ಗುಜರಿಗೆ ಹಾಕುವ ಮೊದಲು ಎರಡು ಸಲ ಯೋಚಿಸಿ. ಅದನ್ನು ಉಳಿಸುವುದು ಹೊಸದು ಮಾಡಿಸುವುದಕ್ಕಿಂತ ಲಾಭ. ಆದರೆ ಎರಕದ ಕಬ್ಬಿಣದ ಹೂಬಳ್ಳಿ ಇರುವ ಗೇಟಾದರೆ ಮಾಮೂಲಿ ವೆಲ್ಡಿಂಗ್ ರಾಡ್ ಮುಟ್ಟಿಸಬೇಡಿ. ಎರಕದ ಕಬ್ಬಿಣ ಬಿಸಿಗೆ ಬಿರುಕು ಬಿಡುತ್ತದೆ. ಅದಕ್ಕೆ ನಿಕ್ಕಲ್ ರಾಡ್ ಬೇಕು, ಅದನ್ನು ಬಲ್ಲ ಕೈಯೂ ಬೇಕು.

ಮೊದಲು ಪರೀಕ್ಷೆ

ಒಂದು ಸುತ್ತಿಗೆ, ಒಂದು ಹಳೆಯ ಸ್ಕ್ರೂಡ್ರೈವರ್ ಸಾಕು. ಅರ್ಧ ಗಂಟೆಯ ಕೆಲಸ.

ಗೇಟಿನ ಕೆಳಗಿನ ಅಡ್ಡಪೈಪನ್ನು ಉದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಗಂಟೆಯಂತೆ ಟಣ್ಣೆನ್ನುತ್ತದೆ. ಒಳಗೆ ತುಕ್ಕು ತುಂಬಿದ್ದರೆ ಸದ್ದು ಮಂಕಾಗುತ್ತದೆ, ಬಲಿಯದ ತೆಂಗಿನಕಾಯಿಯನ್ನು ತಟ್ಟಿದ ಹಾಗೆ. ಅಂಥ ಕಡೆ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ. ಒಳಗೆ ಇಳಿದರೆ ಆ ಭಾಗದಲ್ಲಿ ಕಬ್ಬಿಣ ಮುಗಿದಿದೆ ಎಂದೇ ಅರ್ಥ.

ಬಳಿಕ ಬಿಜಾಗರಿಗಳನ್ನು ನೋಡಿ. ಗೇಟನ್ನು ಅರ್ಧ ತೆರೆದು, ಚಿಲಕದ ಕಡೆಯ ತುದಿಯನ್ನು ಮೇಲಕ್ಕೆ ಎತ್ತಿ ನೋಡಿ. ಎಷ್ಟು ಆಡುತ್ತದೋ ಅಷ್ಟು ಸವೆದಿದೆ. ಬಿಜಾಗರಿ ಕಂಬಕ್ಕೆ ಸೇರುವ ಕಡೆ ಬಿರುಕಿದೆಯೇ, ಕಂದು ನೀರು ಇಳಿದ ಗೆರೆ ಇದೆಯೇ ಗಮನಿಸಿ. ಕಬ್ಬಿಣದ ಕಂಬವಾದರೆ ಅದು ನೆಲಕ್ಕೆ ಇಳಿಯುವ ಜಾಗದ ಮಣ್ಣು ಸರಿಸಿ ನೋಡಿ. ಕಂಬಗಳು ಮುರಿಯುವುದು ಸಾಮಾನ್ಯವಾಗಿ ಅಲ್ಲೇ, ನೆಲಮಟ್ಟದಿಂದ ನಾಲ್ಕು ಬೆರಳು ಮೇಲೆ ಕೆಳಗೆ. ಬೀದಿ ನಾಯಿಗಳ ಉಪಕಾರವೂ ಆ ಜಾಗಕ್ಕೆ ಸಲ್ಲುತ್ತಿರುತ್ತದೆ!

ಸೊಸೈಟಿಗಳಲ್ಲಿ ಇನ್ನೊಂದು ಕಾರಣವನ್ನು ಮರೆಯಬೇಡಿ. ಟೈಲ್ಸ್ ಹೊಳೆಯಲೆಂದು ಆ್ಯಸಿಡ್ ಸುರಿದು ತೊಳೆಯುವ ಅಭ್ಯಾಸ ಅನೇಕ ಕಡೆ ಇದೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ಅದರ ಹಬೆ, ಚಿಮ್ಮಿದ ಹನಿ ಗೇಟಿನ ಅಡಿಗೆ ತಾಗಿದರೆ ಸಮುದ್ರವೇ ಬೇಡ, ಅಲ್ಲಿಗೂ ಕ್ಲೋರೈಡ್ ತಲುಪಿತು.

ರಿಪೇರಿಯೋ, ಹೊಸದೋ?

ತುಕ್ಕು ಮೇಲ್ಮೈಯಲ್ಲಷ್ಟೇ ಇದ್ದು ಸ್ಕ್ರೂಡ್ರೈವರ್ ಎಲ್ಲೂ ಇಳಿಯದಿದ್ದರೆ ತೊಳೆದು, ಉಜ್ಜಿ, ಬಣ್ಣ ಹಚ್ಚಿದರೆ ಸಾಕು. ಕೆಳಗಿನ ಪೈಪು, ಒಂದೆರಡು ಸರಳು ಮಾತ್ರ ಹೋಗಿದ್ದರೆ ಆ ಭಾಗ ಕತ್ತರಿಸಿ ಹೊಸದು ಸೇರಿಸಬಹುದು. ಚೌಕಟ್ಟಿನ ನಾಲ್ಕು ಮೂಲೆಗಳಲ್ಲಿ ಎರಡಕ್ಕಿಂತ ಹೆಚ್ಚು ಮೆತ್ತಗಾಗಿದ್ದರೆ, ಅಥವಾ ಬಿಜಾಗರಿ ಹಿಡಿದಿರುವ ನಿಲುವು ಪೈಪೇ ಒಳಗೆ ಹಾಳಾಗಿದ್ದರೆ, ರಿಪೇರಿಗೆ ಸುರಿಯುವ ದುಡ್ಡು ವ್ಯರ್ಥ. ಹೊಸದೇ ಸರಿ.

ಪುಟ್ಟಿ ತುಂಬಿಸಿ ತೂತು ಮುಚ್ಚುವ ಕೆಲಸ ಮಾತ್ರ ಬೇಡವೇ ಬೇಡ. ಕಾಣಲು ನುಣುಪಾಗಿರುತ್ತದೆ, ಬಲ ಸೊನ್ನೆ. ಪುಟ್ಟಿಯ ಹಿಂದೆ ತೇವ ನಿಂತು ತುಕ್ಕು ಇಮ್ಮಡಿ ವೇಗದಲ್ಲಿ ಹರಡುತ್ತದೆ.

ತೊಳೆಯುವುದೇ ಮೊದಲ ರಿಪೇರಿ

ನಾವು ಸಾಮಾನ್ಯವಾಗಿ ಮಾಡುವ ತಪ್ಪು ಇಲ್ಲಿಯೇ. ತಂತಿ ಬ್ರಷ್‌ನಿಂದ ನಾಲ್ಕು ಸಲ ಗೀಚಿ, ಧೂಳು ಒರೆಸಿ, ನೇರ ಬಣ್ಣ ಹೊಡೆಯುತ್ತೇವೆ. ಉಪ್ಪು ಬಣ್ಣದ ಅಡಿಯಲ್ಲೇ ಉಳಿಯುತ್ತದೆ. ಬಣ್ಣದ ಪದರ ಎಷ್ಟೇ ಚೆನ್ನಾಗಿದ್ದರೂ ನೀರಿನ ಆವಿ ಅದರ ಮೂಲಕ ನಿಧಾನವಾಗಿ ಇಳಿಯುತ್ತದೆ, ಒಳಗಿನ ಉಪ್ಪು ಅದನ್ನು ಎಳೆದುಕೊಳ್ಳುತ್ತದೆ. ಆರು ತಿಂಗಳಿಗೆ ಗುಳ್ಳೆ ಏಳುವುದು ಇದರಿಂದ. ನಾವು ಪೇಂಟ್ ಕಂಪನಿಯನ್ನು ಬಯ್ಯುತ್ತೇವೆ.

ಸರಿಯಾದ ಕ್ರಮ ಹೀಗೆ. ಮೊದಲು ಸಿಹಿನೀರು, ಸ್ವಲ್ಪ ಸೋಪು ಹಾಕಿ ಇಡೀ ಗೇಟನ್ನು ತೊಳೆಯಿರಿ. ಅಡಿಭಾಗ, ಹಿಂಬದಿ, ಮೂಲೆ ಬಿಡಬೇಡಿ. ಸಮುದ್ರ ತೀರದ ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಅದು ಬೇಡ, ನಲ್ಲಿ ನೀರು ಬಳಸಿ. ಆಮೇಲೆ ಏಳುತ್ತಿರುವ ಬಣ್ಣ, ಪದರ ಪದರವಾದ ತುಕ್ಕನ್ನು ಸ್ಕ್ರೇಪರ್, ತಂತಿ ಬ್ರಷ್, ಎಮರಿ ಪೇಪರಿನಿಂದ ತೆಗೆಯಿರಿ. ತೆಗೆದ ಮೇಲೆ ಮತ್ತೊಮ್ಮೆ ತೊಳೆಯಿರಿ, ಬಟ್ಟೆಯಿಂದ ಒರೆಸಿ ಒಣಗಿಸಿ. ಒಂದು ರಾತ್ರಿ ಹಾಗೇ ಬಿಡಿ.

ಮರುದಿನ ಬೆಳಿಗ್ಗೆ ನೋಡಿ. ಮೇಲೆಲ್ಲ ತೆಳುವಾಗಿ ಸಮನಾದ ಕಂದು ಬಣ್ಣ ಬಂದಿದ್ದರೆ ಚಿಂತೆಯಿಲ್ಲ, ಅದು ರಾತ್ರಿಯ ತೇವದ್ದು. ಆದರೆ ಅಲ್ಲಲ್ಲಿ ಬೆವರ ಹನಿಯಂಥ ಗಾಢ ಚುಕ್ಕೆಗಳು ಮೂಡಿದ್ದರೆ ಗುಳಿಗಳಲ್ಲಿ ಇನ್ನೂ ಉಪ್ಪಿದೆ. ಆ ಜಾಗಗಳನ್ನು ಮತ್ತೆ ಉಜ್ಜಿ ತೊಳೆಯಬೇಕು. ಎರಡು ಮೂರು ಸಲ ಬೇಕಾಗಬಹುದು, ಬೇಸರ ಮಾಡಬೇಡಿ. ಚುಕ್ಕೆ ನಿಂತ ದಿನ ಕೊನೆಯ ಬಾರಿ ಎಮರಿ ಹಾಕಿ, ಕೆಲವೇ ಗಂಟೆಗಳಲ್ಲಿ ಪ್ರೈಮರ್ ಹಚ್ಚಿಬಿಡಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹಳೆಯ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಇರುತ್ತಿತ್ತು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದೆಂಬ ಕಾನೂನು ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಆದ್ದರಿಂದ ಹಳೆಯ ಗೇಟಿನ ಬಣ್ಣವನ್ನು ಒಣಗಿದ್ದಾಗ ಗ್ರೈಂಡರ್‌ನಿಂದ ಉಜ್ಜಿ ಧೂಳೆಬ್ಬಿಸಬೇಡಿ. ಒದ್ದೆ ಮಾಡಿಕೊಂಡು ಕೈಯಿಂದ ಉಜ್ಜಿ, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ಮಕ್ಕಳು, ಗರ್ಭಿಣಿಯರು ಹತ್ತಿರ ಸುಳಿಯದಿರಲಿ. ಚಕ್ಕೆಗಳನ್ನು ಕಾಗದದ ಮೇಲೆ ಹಿಡಿದು ಕಟ್ಟಿ ಹೊರಹಾಕಿ. ಬಾವಿಯ ಹತ್ತಿರ, ಬಸಳೆ ಚಪ್ಪರದ ಬುಡದಲ್ಲಿ ಉದುರಿಸಬೇಡಿ.

ವೆಲ್ಡಿಂಗ್ ಹೇಗಿರಬೇಕು

ಹಾಳಾದ ಪೈಪನ್ನು ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ತೆಳುವಾದ ತುಕ್ಕಿನ ಮೇಲೆ ತುಂಡು ಅಂಟಿಸಿದರೆ ವೆಲ್ಡಿಂಗ್ ಹಿಡಿಯುವುದಿಲ್ಲ. ಸೇರಿಸುವ ತುಂಡು ಹಳೆಯದರಷ್ಟೇ ದಪ್ಪವಿರಲಿ. ಕಡಿಮೆ ಬೇಡ. ಅಲ್ಲಲ್ಲಿ ಚುಕ್ಕೆ ಇಟ್ಟಂತೆ ವೆಲ್ಡ್ ಮಾಡಿ ಬಿಡುವುದು ಅಗ್ಗ. ಆ ಸಂದುಗಳಲ್ಲೇ ನೀರು ಕೂರುವುದು. ಆದ್ದರಿಂದ ಸುತ್ತಲೂ ಬಿಡದೆ ವೆಲ್ಡ್ ಮಾಡಲು ಹೇಳಿ. ಮೇಲೆ ಕೂತ ಕಿಟ್ಟವನ್ನು ತಟ್ಟಿ ತೆಗೆದ ಮೇಲಷ್ಟೇ ಬಣ್ಣ.

ಟೊಳ್ಳು ಪೈಪಿನ ಮೇಲ್ತುದಿಗಳನ್ನು ಮುಚ್ಚಬೇಕು, ಕೆಳಗಿನ ಪೈಪಿನ ಅಡಿಯಲ್ಲಿ 6ರಿಂದ 8 ಮಿ.ಮೀ.ನ ಒಂದೆರಡು ತೂತು ಕೊರೆಯಬೇಕು. "ತೂತು ಮಾಡಿದರೆ ನೀರು ಒಳಗೆ ಹೋಗುವುದಿಲ್ಲವೇ?" ಎಂದು ನಾನೂ ಕೇಳಿದ್ದೆ. ನೀರು ಎಲ್ಲಿಂದಲೋ ಹೇಗೂ ಒಳಗೆ ಹೋಗುತ್ತದೆ, ರಾತ್ರಿಯ ತಂಪಿಗೆ ಪೈಪಿನೊಳಗೆ ಆವಿ ಕೂಡ ಹನಿಗಟ್ಟುತ್ತದೆ. ನಮ್ಮ ಗೇಟಿನಲ್ಲಿ ಅದು ಹೊರಬರಲು ದಾರಿಯೇ ಇರಲಿಲ್ಲ. ಅಮ್ಮನ ಕಾಲಬುಡದಲ್ಲಿ ಬಿದ್ದ ಗೇಟಿನ ಕಥೆ ಆ ಇಲ್ಲದ ತೂತಿನಿಂದಲೇ ಶುರುವಾದದ್ದು.

ವೆಲ್ಡಿಂಗ್ ಮಾಡುವಾಗ ಅರ್ಥ್ ಕ್ಲ್ಯಾಂಪನ್ನು ಗೇಟಿನ ಬಾಗಿಲಿಗೇ ಹಚ್ಚಲಿ. ಕಂಬಕ್ಕೆ ಹಚ್ಚಿದರೆ ಕರೆಂಟು ಬಿಜಾಗರಿಯ ಮೂಲಕ ಹರಿದು ಅದನ್ನು ಹಾಳು ಮಾಡುತ್ತದೆ. ಗೇಟಿನಲ್ಲಿ ಮೋಟರ್, ಕಂಬದಲ್ಲಿ ದೀಪ ಅಥವಾ ಬೆಲ್ ಇದ್ದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಹತ್ತಿರದ ಕಾರುಗಳನ್ನು ಸರಿಸಿ, ಕಿಡಿ ತಾಗಿದರೆ ಗಾಜಿನ ಕಲೆ ಹೋಗುವುದಿಲ್ಲ.

ಪ್ರೈಮರ್, ಬಣ್ಣ

ಎಷ್ಟು ಉಜ್ಜಿದರೂ ಬಿಡದ, ಗಟ್ಟಿಯಾಗಿ ಅಂಟಿದ ತೆಳು ತುಕ್ಕಿಗೆ ರಸ್ಟ್ ಕನ್ವರ್ಟರ್ ಎಂಬ ದ್ರಾವಣ ಸಿಗುತ್ತದೆ. ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ, ಕೆಲವದರಲ್ಲಿ ಟ್ಯಾನಿನ್ ಇರುತ್ತದೆ. ಟ್ಯಾನಿನ್ ತುಕ್ಕಿನೊಂದಿಗೆ ಸೇರಿ ನೀಲಿಗಪ್ಪು ಪದರವಾಗುತ್ತದೆ. ನಮ್ಮ ಹಿರಿಯರು ಅಳಲೆಕಾಯಿ ಮತ್ತು ಅನ್ನಭೇದಿ ಸೇರಿಸಿ ಮಸಿ ಮಾಡುತ್ತಿದ್ದರಲ್ಲ, ಅದೇ ರಸಾಯನ. ಆದರೆ ಇದು ಉಪ್ಪನ್ನು ತೆಗೆಯುವುದಿಲ್ಲ, ಸಡಿಲ ತುಕ್ಕನ್ನು ಹಿಡಿದಿಡುವುದೂ ಇಲ್ಲ. ತೊಳೆಯುವುದನ್ನು ತಪ್ಪಿಸುವ ಅಡ್ಡದಾರಿ ಎಂದು ಭಾವಿಸಬೇಡಿ.

ಪ್ರೈಮರ್ ಎಂದರೆ ನಮಗೆ ರೆಡ್ ಆಕ್ಸೈಡ್ ಒಂದೇ ಗೊತ್ತು. ಅದು ಅಗ್ಗ, ಒಳನಾಡಿಗೆ ನಡೆಯುತ್ತದೆ. ಸಮುದ್ರದ ಹತ್ತಿರ ಜಿಂಕ್ ಫಾಸ್ಫೇಟ್ ಪ್ರೈಮರ್ ಕೇಳಿ ತನ್ನಿ. ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಜಾತಿಯದಾದರೆ ಇನ್ನೂ ಉತ್ತಮ. ಎಪಾಕ್ಸಿ ಹಚ್ಚುವುದಾದರೆ ಹಳೆಯ ಎನಾಮಲ್ ಪೂರ್ತಿ ತೆಗೆದಿರಬೇಕು, ಇಲ್ಲವಾದರೆ ಅದರ ಥಿನ್ನರಿಗೆ ಹಳೆಯ ಬಣ್ಣ ಸುಕ್ಕುಗಟ್ಟಿ ಏಳುತ್ತದೆ. ಎಪಾಕ್ಸಿ ಬಿಸಿಲಿಗೆ ಸುಣ್ಣದಂತೆ ಪುಡಿಯಾಗುವುದರಿಂದ ಅದರ ಮೇಲೆ ಪಿಯು ಬಣ್ಣ ಬೇಕು. ಪಿಯುವನ್ನು ಮನೆಯಲ್ಲಿ ಸ್ಪ್ರೇ ಮಾಡಬೇಡಿ, ಅದರ ಹಬೆ ಶ್ವಾಸಕೋಶಕ್ಕೆ ಕೆಟ್ಟದ್ದು. ಬ್ರಷ್‌ನಿಂದ ಹಚ್ಚಿ.

ಅಷ್ಟು ಖರ್ಚು ಬೇಡವೆಂದರೆ ಜಿಂಕ್ ಫಾಸ್ಫೇಟ್ ಪ್ರೈಮರ್ ಎರಡು ಕೋಟ್, ಎನಾಮಲ್ ಎರಡು ಕೋಟ್. ಒಂದು ಕೋಟ್ ಎನಾಮಲ್ ಒಣಗಿದ ಮೇಲೆ ಉಳಿಯುವ ದಪ್ಪ ಸುಮಾರು 30 ಮೈಕ್ರಾನ್ ಮಾತ್ರ. ಕಡಲತೀರದಲ್ಲಿ ಬಾಳಿಕೆ ಬರಬೇಕಾದ ಲೇಪನಕ್ಕೆ ಒಟ್ಟು 200 ಮೈಕ್ರಾನಿಗೂ ಹೆಚ್ಚು ದಪ್ಪ ಬೇಕು. ನನ್ನ ಪ್ರತಿ ಮೇ ತಿಂಗಳ ಒಂದು ಕೋಟಿನ ಬೆಲೆ ಈಗ ನಿಮಗೆ ಅರ್ಥವಾಗಿರಬೇಕು!

ಬಣ್ಣ ಅಂಚಿನಲ್ಲಿ ನಿಲ್ಲುವುದಿಲ್ಲ, ಎಳೆದುಕೊಂಡು ತೆಳುವಾಗುತ್ತದೆ. ಅದಕ್ಕೆ ಮೊದಲು ಸಣ್ಣ ಬ್ರಷ್‌ನಿಂದ ಅಂಚು, ಮೂಲೆ, ವೆಲ್ಡಿಂಗ್ ಗೆರೆಗಳಿಗೆ ಒಂದು ಹೆಚ್ಚಿನ ಕೈ ಕೊಟ್ಟು ಆಮೇಲೆ ಉಳಿದದ್ದಕ್ಕೆ ಹಚ್ಚಿ. ಜಿಐ ಪೈಪಿನ ಗೇಟಾದರೆ ನೇರ ಎನಾಮಲ್ ಬೇಡ, ಸತುವಿನ ಮೇಲೆ ಅದು ಹಿಡಿಯದೆ ಹಾಳೆಯಂತೆ ಸುಲಿಯುತ್ತದೆ. ಮೊದಲು ಎಚ್ ಪ್ರೈಮರ್ ಬೇಕು.

ಜೋತುಬಿದ್ದ ಗೇಟು

ಗೇಟು ನೆಲಕ್ಕೆ ಉಜ್ಜುತ್ತಿದೆ ಎಂದು ನೆಲ ಕೆತ್ತಿಸುವವರಿದ್ದಾರೆ. ಕಾರಣ ಮೂರರಲ್ಲಿ ಒಂದು ಇರುತ್ತದೆ. ಬಿಜಾಗರಿ ಸವೆದಿದೆ, ಕಂಬ ವಾಲಿದೆ, ಇಲ್ಲವೇ ಚೌಕಟ್ಟೇ ಓರೆಯಾಗಿದೆ.

ಬಿಜಾಗರಿ ಬಿಚ್ಚುವ ಮುನ್ನ ಗೇಟಿನ ಅಡಿಗೆ ಹಲಗೆ, ಇಟ್ಟಿಗೆ ಕೊಟ್ಟು, ಇನ್ನೊಬ್ಬರು ಹಿಡಿದುಕೊಂಡಿರಲಿ. ಒಂದೂವರೆ ಮೀಟರ್ ಚೌಕದ ಬಾಗಿಲಿಗೆ 2 ಮಿ.ಮೀ. ಷೀಟ್ ಹೊದಿಸಿದ್ದರೆ ಆ ಷೀಟ್ ಒಂದೇ ಸುಮಾರು 35 ಕಿಲೋ. ಚೌಕಟ್ಟು, ಸರಳುಗಳ ತೂಕ ಬೇರೆ. ಒಳಗೆ ಕಾಣಬಾರದೆಂದು ಹಳೆಯ ಸರಳಿನ ಗೇಟಿಗೆ ಆಮೇಲೆ ಷೀಟ್ ಬಡಿಸುತ್ತೇವಲ್ಲ, ಆಗ ಹಳೆಯ ಬಿಜಾಗರಿಯ ಮೇಲೆ ಈ ಭಾರವೆಲ್ಲ ಬೀಳುತ್ತದೆ. ಜೊತೆಗೆ ಮಳೆಗಾಲದ ಗಾಳಿಯ ಹೊಡೆತ. ನಮ್ಮ ಗೇಟಿಗೂ ನಾನೇ ಷೀಟ್ ಹಾಕಿಸಿದ್ದೆ.

ಚೌಕಟ್ಟು ಓರೆಯಾಗಿದ್ದರೆ ಕರ್ಣಪಟ್ಟಿ ಬೇಕು. ಅದರ ದಿಕ್ಕು ಮುಖ್ಯ. ಗಟ್ಟಿ ಪೈಪು ಅಥವಾ ಆಂಗಲ್ ಆದರೆ ಬಿಜಾಗರಿಯ ಕಡೆಯ ಕೆಳಮೂಲೆಯಿಂದ ಚಿಲಕದ ಕಡೆಯ ಮೇಲ್ಮೂಲೆಗೆ ಹಾಕಿ. ಆಗ ಅದು ಊರುಗೋಲಿನಂತೆ ಭಾರ ಹೊರುತ್ತದೆ. ತಂತಿ ಅಥವಾ ಬಿಗಿ ಮಾಡುವ ಸರಳಾದರೆ ಬಿಜಾಗರಿಯ ಮೇಲ್ಮೂಲೆಯಿಂದ ಚಿಲಕದ ಕಡೆಯ ಕೆಳಮೂಲೆಗೆ. ಆಗ ಅದು ಹಗ್ಗದಂತೆ ಎಳೆದು ಹಿಡಿಯುತ್ತದೆ.

ಮುರಕಲ್ಲಿನ ಕಂಬ ಬಿಜಾಗರಿಯ ಹತ್ತಿರ ಸೀಳಿದ್ದರೆ ಸಿಮೆಂಟ್ ಮೆತ್ತಿ ಮುಚ್ಚಬೇಡಿ. ಒಳಗಿನ ಪಟ್ಟಿ ಉಬ್ಬಿದೆ ಎಂದೇ ಅರ್ಥ. ಅದನ್ನು ಕಿತ್ತು, ಸತುವಿನ ಲೇಪನದ ಹೊಸ ಪಟ್ಟಿಯನ್ನು ಕಾಂಕ್ರೀಟಿನಲ್ಲಿ ಕೂರಿಸಬೇಕು. ಕಬ್ಬಿಣದ ಕಂಬದ ಬುಡದಲ್ಲಿ ಕಾಂಕ್ರೀಟನ್ನು ನೆಲಕ್ಕಿಂತ ಎತ್ತರಿಸಿ, ನೀರು ಹೊರಕ್ಕೆ ಜಾರುವಂತೆ ಇಳಿಜಾರು ಕೊಡಿ.

ಸರಿಯುವ ಗೇಟು: ಸೊಸೈಟಿಯವರಿಗೆ ಒಂದು ಮಾತು

ಹಳಿಯ ಮೇಲೆ ಸರಿಯುವ ದೊಡ್ಡ ಗೇಟು ಹಳಿ ತಪ್ಪಿ ಮಕ್ಕಳ ಮೇಲೆ, ವಾಚ್‌ಮನ್ ಮೇಲೆ ಬಿದ್ದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಇಂಥ ಗೇಟನ್ನು ನೆಟ್ಟಗೆ ಹಿಡಿದಿರುವುದು ಮೇಲಿನ ಗೈಡ್ ರೋಲರ್‌ಗಳು, ಹಳಿಯಿಂದಾಚೆ ಹೋಗದಂತೆ ತಡೆಯುವುದು ಎರಡೂ ತುದಿಯ ಸ್ಟಾಪರ್‌ಗಳು. ಇವೆರಡರ ಬೋಲ್ಟುಗಳೇ ತುಕ್ಕಿಗೆ ಮೊದಲು ಬಲಿ. ಸ್ಟಾಪರ್ ಸಡಿಲವಿದ್ದರೆ, ಮೇಲಿನ ರೋಲರ್ ಒಂದೇ ಇದ್ದರೆ, ಮುಂದಿನ ಮೀಟಿಂಗಿನವರೆಗೆ ಕಾಯಬೇಡಿ. ಅಂದೇ ಗೇಟನ್ನು ಸರಪಳಿಯಿಂದ ಕಂಬಕ್ಕೆ ಕಟ್ಟಿ, ಚಿಕ್ಕ ಗೇಟು ಬಳಸಿ, ಫಿಟ್ಟರ್ ಕರೆಸಿ. ಮಕ್ಕಳು ಗೇಟು ಹಿಡಿದು ಜೋಲಾಡದಂತೆ ಮನೆಯಲ್ಲಿ ಹೇಳಿ.

ಯಾವಾಗ ಮಾಡಿಸಬೇಕು?

ಬಣ್ಣ ಹಚ್ಚುವಾಗ ಗಾಳಿಯ ತೇವಾಂಶ ಶೇ. 85ಕ್ಕಿಂತ ಕಡಿಮೆ ಇರಬೇಕು, ಕಬ್ಬಿಣದ ಮೇಲೆ ಇಬ್ಬನಿ ಇರಬಾರದು ಎಂಬುದು ಪೇಂಟಿಂಗಿನ ಸಾಮಾನ್ಯ ನಿಯಮ. ಮುಂಬಯಿ, ಕೊಂಕಣ, ನಮ್ಮ ಕರಾವಳಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಚೆನ್ನೈಗೆ ಅಕ್ಟೋಬರ್‌ನಿಂದ ಡಿಸೆಂಬರ್ ಹಿಂಗಾರು ಮಳೆ, ಆದ್ದರಿಂದ ಅಲ್ಲಿಯವರು ಸಂಕ್ರಾಂತಿ ಕಳೆದ ಮೇಲೆ ಹಿಡಿಯಲಿ. ಬೆಳಿಗ್ಗೆ ಹತ್ತರ ನಂತರ ಶುರುಮಾಡಿ ಮೂರರೊಳಗೆ ಮುಗಿಸಿ. ಮೇ ತಿಂಗಳ ಕೊನೆಯ ಅವಸರದಲ್ಲಿ ಹೊಡೆದ ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಮಳೆ ಬಂದಿರುತ್ತದೆ. ದೀಪಾವಳಿಗೆ ಊರಿಗೆ ಹೋಗುವವರಿದ್ದರೆ ಈ ಕೆಲಸವನ್ನು ಆ ರಜೆಗೆ ಇಟ್ಟುಕೊಳ್ಳಿ.

ಹೊಸದು ಮಾಡಿಸುವುದಾದರೆ

ಕೊಟೇಶನ್‌ನಲ್ಲಿ "ಎಂಎಸ್ ಗೇಟು, ಬಣ್ಣ ಸಹಿತ" ಎಂದಷ್ಟೇ ಇದ್ದರೆ ಒಪ್ಪಬೇಡಿ. ಪೈಪಿನ ಅಳತೆ, ಗೋಡೆಯ ದಪ್ಪ ಮಿಲಿಮೀಟರಿನಲ್ಲಿ, ಪ್ರೈಮರಿನ ಹೆಸರು, ಕೋಟುಗಳ ಸಂಖ್ಯೆ, ಸುತ್ತಲೂ ವೆಲ್ಡಿಂಗ್, ಅಡಿಯ ತೂತು, ಎಲ್ಲವನ್ನೂ ಬರೆಸಿ. ಕಿಲೋ ಲೆಕ್ಕವಾದರೆ ತೂಕದ ಚೀಟಿ ಕೇಳಿ. ಕೈಗೆಟುಕಿದರೆ ಗೇಟು ತಯಾರಾದ ಮೇಲೆ ಕರಗಿದ ಸತುವಿನಲ್ಲಿ ಅದ್ದಿಸುವ ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಮಾಡಿಸಿ. ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ, ಪೈಪಿನ ಒಳಭಾಗಕ್ಕೂ ತಲುಪುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ಎಂದರೆ ತುಕ್ಕೇ ಇಲ್ಲ ಎಂಬ ನಂಬಿಕೆ ಬೇಡ. ಕಡಲ ಹತ್ತಿರ 304 ದರ್ಜೆಯದೂ ಕಂದು ಕಲೆ ಹಿಡಿಯುತ್ತದೆ, ಅಗ್ಗದ 202 ಇನ್ನೂ ಬೇಗ. ತಡೆಯುವುದು ಮಾಲಿಬ್ಡಿನಂ ಸೇರಿದ 316. ಅಯಸ್ಕಾಂತ ಹಿಡಿದು ಪರೀಕ್ಷಿಸಿದರೆ 202 ಮತ್ತು 304ರ ವ್ಯತ್ಯಾಸ ತಿಳಿಯುವುದಿಲ್ಲ, ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಪೌಡರ್ ಕೋಟಿಂಗ್ ಮಾಡಿದ ಅಲ್ಯೂಮಿನಿಯಂ ಹಗುರ, ವಯಸ್ಸಾದವರಿಗೆ ತೆರೆಯಲು ಸುಲಭ. ಆದರೆ ಬೇರೆ ಲೋಹದ ಸ್ಕ್ರೂ ನೇರವಾಗಿ ಅದಕ್ಕೆ ತಾಗದಂತೆ ನಡುವೆ ನೈಲಾನ್ ವಾಷರ್ ಹಾಕಿಸಿ.

ನೆನಪಿಡಿ

• ಮಳೆಯಿಲ್ಲದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಗೇಟಿಗೆ ಎರಡು ಬಕೆಟ್ ಸಿಹಿನೀರು, ಅಡಿಗೂ ತಾಗುವಂತೆ.
• ಆರು ತಿಂಗಳಿಗೊಮ್ಮೆ ಬಿಜಾಗರಿಯ ಹಳೆಯ ಗ್ರೀಸ್ ಒರೆಸಿ ಹೊಸದು ಹಚ್ಚಿ.
• ಕೆಳಗಿನ ತೂತುಗಳಲ್ಲಿ ಕಸ ಕಟ್ಟಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಿ.
• ಬಣ್ಣ ಎದ್ದ ಚುಕ್ಕೆ ಕಂಡರೆ ಅದನ್ನಷ್ಟೇ ಕೂಡಲೇ ಉಜ್ಜಿ, ತೊಳೆದು, ಪ್ರೈಮರ್ ಹಚ್ಚಿ.
• ವರ್ಷಕ್ಕೊಮ್ಮೆ ಸುತ್ತಿಗೆ ಪರೀಕ್ಷೆ ತಪ್ಪಿಸಬೇಡಿ.

ಈಗ ನಮ್ಮ ಮನೆಗೆ ಷೀಟಿಲ್ಲದ, ಹಗುರವಾದ ಗೇಟು ಬಂದಿದೆ. ಪ್ರತಿ ಭಾನುವಾರ ಫೋನಿನಲ್ಲಿ ಅಮ್ಮ ಊರಿನ ಸುದ್ದಿಯೆಲ್ಲ ಹೇಳಿ ಮುಗಿಸಿದ ಮೇಲೆ, "ಗೇಟಿಗೆ ನೀರು ಹಾಕಿದ್ದೇನೆ ಮಗಾ" ಎನ್ನುತ್ತಾರೆ. ನೀವೂ ಇಂದೇ ಊರಿಗೆ ಫೋನ್ ಮಾಡಿ. ಆರೋಗ್ಯ, ಮಳೆ, ಬೆಳೆ ವಿಚಾರಿಸಿದ ಮೇಲೆ ಗೇಟು ಹೇಗಿದೆ ಎಂದೂ ಒಂದು ಮಾತು ಕೇಳಿ. "ಸ್ವಲ್ಪ ಎತ್ತಿ ತೆರೆಯಬೇಕು, ಅಷ್ಟೇ" ಎಂಬ ಉತ್ತರ ಬಂದರೆ ಉದಾಸೀನ ಮಾಡಬೇಡಿ.

ನಿಮ್ಮ ಮನೆಯ ಗೇಟಿನ ಅನುಭವಗಳನ್ನು, ಪ್ರಶ್ನೆಗಳನ್ನು ನಮಗೆ ಬರೆದು ತಿಳಿಸಿ.